ಏದುಸಿರು ಎಲ್ಲಿಂದ ಬರುತ್ತಿದೆ? ಮನೆಯಲ್ಲೇ ಗುರುತು ಹಿಡಿಯುವುದು ಹೇಗೆ

ಕುಮಟಾ ಕಡೆಯ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ತವರು ಶಿರಸಿ. ಘಟ್ಟದ ಮೇಲೂ ಕೆಳಗೂ ನನಗೆ ಕೇಳಿಸುವ ಮಾತು ಒಂದೇ: "ಸ್ವಲ್ಪ ನಡೆದರೆ ದಮ್ಮು ಬರ್ತದೆ ಸಿಸ್ಟರ್, ವಯಸ್ಸಾಯ್ತಲ್ಲ." ಐವತ್ತು ದಾಟದವರೂ ಹೀಗೆ ಹೇಳುವಾಗ ಸಂಕಟವಾಗುತ್ತದೆ. ಅಂಗಳ ದಾಟುವಷ್ಟರಲ್ಲಿ ಏದುಸಿರು ಬಂದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಹೆಚ್ಚಾಗಿ ಅದರ ಹಿಂದೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದ ರೋಗ ಇರುತ್ತದೆ. ಹೇಗೆ ಬೆಳೆಯುತ್ತದೆ ಅಂತ ಗೊತ್ತಿದ್ದರೆ ನಡುದಾರಿಯಲ್ಲೇ ಹಿಡಿಯಬಹುದು.

ಬಿಪಿಯಿಂದ ಶುರು ಮಾಡೋಣ. ರಕ್ತನಾಳದ ಒಳಗೆ ನುಣುಪಾದ ತೆಳು ಪದರ ಇದೆ. ಜಾಸ್ತಿ ಬಿಪಿ, ಬೀಡಿ, ಸಕ್ಕರೆ ಕಾಯಿಲೆ ಇವೆಲ್ಲ ಆ ಪದರಕ್ಕೆ ಪೆಟ್ಟು ಕೊಡುತ್ತವೆ. ಪೆಟ್ಟು ಬಿದ್ದ ಕಡೆ ಕೆಟ್ಟ ಕೊಲೆಸ್ಟ್ರಾಲ್ ಒಳಗೆ ನುಗ್ಗುತ್ತದೆ. ತೋಟದ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ಕೊಬ್ಬು ಮೇಲೆ ಮೇಲೆ ಅಂಟಿಕೊಳ್ಳುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ, ಅದು ಗೋಡೆಯ ಒಳಗೇ ಸೇರಿ ಗಂಟಾಗುತ್ತದೆ. ಆ ಗಂಟು ಒಂದು ದಿನ ಒಡೆಯುತ್ತದೆ. ಅಲ್ಲಿ ನಿಮಿಷಗಳಲ್ಲೇ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಬಿಡುತ್ತದೆ. ಹೃದಯದ ನಾಳದಲ್ಲಾದರೆ ಹಾರ್ಟ್ ಅಟ್ಯಾಕ್, ಮೆದುಳಿನ ನಾಳದಲ್ಲಾದರೆ ಲಕ್ವ. ಹಿಂದಿನ ದಿನದವರೆಗೆ ಗಟ್ಟಿಯಾಗಿದ್ದವರಿಗೂ ಹೀಗಾಗುವುದು ಇದೇ ಕಾರಣಕ್ಕೆ. ಚಿಕ್ಕ ಗಂಟು ಕೂಡ ಒಡೆಯಬಹುದು.

ಬಿಪಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಜಾಸ್ತಿ ಒತ್ತಡದ ಎದುರು ರಕ್ತ ತಳ್ಳಿ ತಳ್ಳಿ ಹೃದಯದ ಗೋಡೆ ದಪ್ಪವಾಗುತ್ತದೆ, ಪೆಡಸಾಗುತ್ತದೆ. ಸರಿಯಾಗಿ ಹಿಗ್ಗಿ ರಕ್ತ ತುಂಬಿಕೊಳ್ಳಲು ಅದಕ್ಕೆ ಆಗುವುದಿಲ್ಲ, ಹಾಗಾಗಿ ರಕ್ತ ಹಿಂದಕ್ಕೆ ಶ್ವಾಸಕೋಶದಲ್ಲಿ ನಿಲ್ಲತೊಡಗುತ್ತದೆ. ಏದುಸಿರು ಶುರುವಾಗುವುದು ಆಗ. "ತಲೆನೋವೇ ಇಲ್ಲ, ನಂಗೆ ಬಿಪಿ ಎಲ್ಲಿಂದ?" ಅಂತ ಕೇಳುತ್ತಾರೆ. ಬಿಪಿಗೆ ನೋವೇ ಇಲ್ಲ. ಅಳೆದರೆ ಮಾತ್ರ ಗೊತ್ತಾಗುವುದು.

ಅಳೆಯುವುದರಲ್ಲಿ ಅವಸರ ಬೇಡ. ಅರ್ಧ ಗಂಟೆ ಮೊದಲು ಚಾ, ಬೀಡಿ, ಕವಳ (ಎಲೆ ಅಡಿಕೆ) ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ. ಬಿಪಿ ಯಂತ್ರದ ಪಟ್ಟಿಯನ್ನು ರವಿಕೆ, ಅಂಗಿಯ ಮೇಲೆ ಸುತ್ತಬೇಡಿ, ಬರಿಯ ತೋಳಿಗೆ ಸುತ್ತಿ. ಮಾತು ಬೇಡ. ನಮ್ಮಲ್ಲಿ ಇದೇ ಕಷ್ಟ, ಪಟ್ಟಿ ಬಿಗಿಯುವಾಗಲೇ ಮಗಳ ಮನೆಯ ಸುದ್ದಿ ಶುರುವಾಗುತ್ತದೆ! ಮಾತಾಡಿದರೆ ಬಿಪಿ ಏರುತ್ತದೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಬೆಳಿಗ್ಗೆ ಮಾತ್ರೆಗೆ ಮೊದಲು, ಸಂಜೆ ಒಂದು ಸಲ, ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ಅಳೆದದ್ದು 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಕೊಟ್ಟ ಮೇಲೆ "ಈಗ ನಾರ್ಮಲ್ ಆಯ್ತು" ಅಂತ ನಿಲ್ಲಿಸಬೇಡಿ. ನಾರ್ಮಲ್ ಆಗಿರುವುದೇ ಮಾತ್ರೆಯಿಂದ.

ಉಪ್ಪಿನ ಬಗ್ಗೆ ಹೇಳದೆ ಹೋಗಲಾರೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದರೆ ಹೆಚ್ಚೆಂದರೆ ಒಂದು ಸಣ್ಣ ಚಮಚ. ಕರಾವಳಿಯಲ್ಲಿ ಗಂಜಿಯ ಜೊತೆ ಒಣಮೀನು, ಶಿರಸಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಒಂದೂಟದಲ್ಲೇ ದಿನದ ಉಪ್ಪಿನ ದೊಡ್ಡ ಪಾಲು ಹೊಟ್ಟೆಗೆ ಹೋಗಿರುತ್ತದೆ. ಪೂರ್ತಿ ಬಿಡಿ ಅನ್ನುವುದಿಲ್ಲ. ಒಣಮೀನನ್ನು ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಸಾರು ಮಾಡಿ. ಮಿಡಿಯ ರಸ ಅನ್ನಕ್ಕೆ ಕಲಸಿಕೊಳ್ಳುವುದನ್ನು ಬಿಡಿ.

ಇನ್ನು ಶ್ವಾಸಕೋಶ. ಬೀಡಿ ಸೇದದ ಹೆಂಗಸರಿಗೆ ಶ್ವಾಸಕೋಶದ ಕಾಯಿಲೆ ಯಾಕೆ ಬರುತ್ತದೆ ಅಂತ ಗೊತ್ತಾಗಬೇಕಾದರೆ ಬಚ್ಚಲ ಒಲೆ ನೋಡಿ. ಅಡುಗೆಗೆ ಗ್ಯಾಸ್ ಬಂತು, ಸ್ನಾನದ ಹಂಡೆಯ ಕೆಳಗೆ ಇವತ್ತಿಗೂ ಕಟ್ಟಿಗೆ, ತೆಂಗಿನ ಮಡಲು. ಮಳೆಗಾಲದಲ್ಲಿ ಅದೂ ಹಸಿ. ಬೆಳಗಿನ ಜಾವ ಮನೆಯ ಹೆಂಗಸು ಮುಖ ಬಗ್ಗಿಸಿ ಕೊಳವೆಯಲ್ಲಿ ಊದುತ್ತಾಳೆ, ಊದಿದ್ದಷ್ಟೇ ಹೊಗೆ ಒಳಗೆ ಎಳೆದುಕೊಳ್ಳುತ್ತಾಳೆ. ಅಡಿಕೆ ಬೇಯಿಸುವ ದಿನಗಳಲ್ಲಂತೂ ಕೇಳುವುದೇ ಬೇಡ. ಹೊಗೆಯಿಂದ ಸಣ್ಣ ಗಾಳಿಕೊಳವೆಗಳು ಊದಿಕೊಂಡು ಕಿರಿದಾಗುತ್ತವೆ, ಗಾಳಿಗೂಡುಗಳ ಗೋಡೆ ಹರಿದು ಹೋಗುತ್ತದೆ. ಇದೇ ಸಿಒಪಿಡಿ. ಹರಿದ ಗೋಡೆ ಮತ್ತೆ ಬೆಳೆಯುವುದಿಲ್ಲ. ಉಳಿದದ್ದನ್ನು ಕಾಪಾಡಬಹುದು. ಒಲೆಗೆ ಹೊಗೆಕೊಳವೆ ಹಾಕಿಸಿ, ಕಟ್ಟಿಗೆ ಬೇಸಿಗೆಯಲ್ಲೇ ಒಣಗಿಸಿ ಮಾಡಿನ ಕೆಳಗಿಡಿ, ಕೈಲಾದರೆ ಸೋಲಾರ್ ಹಾಕಿಸಿ. ಎಕ್ಸ್‌ರೇ ಸರಿ ಇದ್ದರೂ ಸಿಒಪಿಡಿ ಇರಬಹುದು, ಊದಿ ನೋಡುವ ಸ್ಪೈರೋಮೆಟ್ರಿ ಟೆಸ್ಟ್ ಕೇಳಿ. ಬಾಯಿಂದ ಎಳೆದುಕೊಳ್ಳುವ ಔಷಧಿಯ ಪಂಪ್ (ಇನ್‌ಹೇಲರ್) ಕೊಟ್ಟರೆ "ಅಭ್ಯಾಸ ಆಗ್ತದೆ" ಅಂತ ಹೆದರಬೇಡಿ, ಹಾಗೇನೂ ಆಗುವುದಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಮಾತ್ರ ಮೊದಲು ಕಫ ಪರೀಕ್ಷೆ, ಟಿಬಿ ಇದೆಯೋ ನೋಡಲು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ.

ಹಾಗಾದರೆ ಈ ದಮ್ಮು ಹೃದಯದ್ದೋ ಶ್ವಾಸಕೋಶದ್ದೋ? ಮನೆಯಲ್ಲಿ ಪೂರ್ತಿ ಬಿಡಿಸಲಾಗುವುದಿಲ್ಲ, ಎಷ್ಟೋ ಜನರಿಗೆ ಎರಡೂ ಇರುತ್ತದೆ. ಆದರೂ ನಾನು ಕೆಲವು ಪ್ರಶ್ನೆ ಕೇಳುತ್ತೇನೆ. ರಾತ್ರಿ ಎಷ್ಟು ತಲೆದಿಂಬು? ಅಂಗಾತ ಮಲಗಿದರೆ ಉಸಿರು ಕಟ್ಟಿ, ಎದ್ದು ಕೂತರೆ ಹಗುರಾದರೆ ಹೃದಯದ ಮೇಲೆ ಅನುಮಾನ. ಮೊಣಕಾಲ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದಾಗ ಕುಳಿ ಉಳಿದರೆ ಅಲ್ಲಿ ನೀರು ನಿಂತಿದೆ, ಆಗಲೂ ಹೃದಯದ ಮೇಲೆ ಅನುಮಾನ. ಎರಡು ಮೂರು ದಿನದಲ್ಲಿ ತೂಕ 2 ಕೆಜಿ ಏರಿದರೂ ಹಾಗೇ. ವರ್ಷಗಳ ಕೆಮ್ಮು ಕಫ, ಹೊಗೆಯ ಸಹವಾಸ, ಉಸಿರು ಬಿಡುವಾಗ ಸುಯ್ ಅನ್ನುವ ಸದ್ದು ಇದ್ದರೆ ಶ್ವಾಸಕೋಶ. ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಟ್ಟುಹೋಗುವ ನೋವು ಇದ್ದರೆ ಕಾಲಿನ ರಕ್ತನಾಳ ಕಿರಿದಾಗಿರಬಹುದು. ಅಂಥವರ ಹೃದಯವನ್ನೂ ನೋಡಿಸಬೇಕು.

ಎದೆಯಲ್ಲಿ ಭಾರ, ಬೆವರು, ದವಡೆಗೋ ಎಡಗೈಗೋ ಇಳಿಯುವ ನೋವು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ ಆಗಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮುಚ್ಚಿದ ನಾಳ ತೆರೆಯುವ ಆಂಜಿಯೋಪ್ಲಾಸ್ಟಿಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುತ್ತಾರೆ. ಅಷ್ಟು ದೂರ ಹೋಗುವಷ್ಟರಲ್ಲಿ ಹೃದಯದ ಮಾಂಸ ಸಾಯುತ್ತಿರುತ್ತದೆ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಬಗ್ಗೆ ಕೇಳಿ. ಆ ಇಂಜೆಕ್ಷನ್ ಅಲ್ಲಿ ಸಿಗುತ್ತದೆಯೇ ಅಂತ ಇವತ್ತೇ, ಆರೋಗ್ಯವಾಗಿರುವಾಗಲೇ ವಿಚಾರಿಸಿಡಿ. ಬಾಯಿ ಸೊಟ್ಟ, ಒಂದು ಕೈ ಸೋಲು, ಮಾತು ತೊದಲು ಕಂಡರೆ ಅದು ಲಕ್ವ. ಅದರ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು. ಆಗ ಆಸ್ಪಿರಿನ್ ಕೊಡಬೇಡಿ, ಬಾಯಿಗೆ ನೀರೂ ಹಾಕಬೇಡಿ. ಲಕ್ಷಣ ಶುರುವಾದ ಹೊತ್ತನ್ನು ಬರೆದುಕೊಂಡು, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಕರೆದುಕೊಂಡು ಹೋಗಿ.