ಹಳೇ ಮನೆಗೆ ಹೊಸ ರೂಪ: ಬಣ್ಣದ ಡಬ್ಬಿ ಕೊನೆಗೆ ತೆರೆಯಿರಿ

ಎಪ್ಪತ್ತು–ತೊಂಬತ್ತರ ದಶಕಗಳ ನಡುವೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆಯ ಬಡಾವಣೆಗಳಲ್ಲಿ ಕಟ್ಟಿದ ಮನೆಗಳನ್ನು ಹೊರಗಿನಿಂದ ನೋಡಿದರೇ ಗುರುತು ಹಿಡಿಯಬಹುದು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ತಾರಸಿ, ಕಿಟಕಿಗೆ ಕಬ್ಬಿಣದ ಗ್ರಿಲ್. ಒಳಗೆ ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್ ನೆಲ, ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ, ತೇಗ ಇಲ್ಲವೇ ಹೊನ್ನೆಯ ಬಾಗಿಲು, ಆ ಒಳ್ಳೇ ಮರದ ಮೇಲೆ ನಾಲ್ಕೈದು ಪದರ ಎನಾಮಲ್ ಪೇಂಟ್. ಇಂಥ ಮನೆಯನ್ನು ತಮ್ಮ ರುಚಿಗೆ ತಕ್ಕಂತೆ ಬದಲಿಸಹೊರಟವರು ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಅಲ್ಲೇ ದುಡ್ಡು ಸೋರಲು ಶುರುವಾಗುತ್ತದೆ. ಮೊದಲು ನೀರು, ಆಮೇಲೆ ಕರೆಂಟು, ನಂತರ ನೆಲ ಮತ್ತು ಮರ, ಕೊನೆಗೆ ಬಣ್ಣ ಮತ್ತು ದೀಪ: ಈ ಸರದಿ ತಪ್ಪಿದರೆ ಒಂದೇ ಗೋಡೆಗೆ ಎರಡು ಸಲ ಖರ್ಚು. ಅಂದಾಜು ವೆಚ್ಚದ ಮೇಲೆ ಶೇ. 20ರಷ್ಟನ್ನು ಬೇರೆ ಎತ್ತಿಡಿ. ಪ್ಲಾಸ್ಟರ್ ಕಿತ್ತ ಮೇಲೆ ಕಾಣುವುದು ಕೀಳುವ ಮೊದಲು ಯಾರಿಗೂ ಕಾಣುವುದಿಲ್ಲ.

ಗೋಡೆ ಒಡೆಯುವ ಮುನ್ನ

ಹಜಾರವನ್ನೂ ಊಟದ ಮನೆಯನ್ನೂ ಒಂದಾಗಿಸುವ ಆಸೆ ಎಲ್ಲರಿಗೂ ಇರುತ್ತದೆ. ನಡುವಿನ ಗೋಡೆ ಪ್ಲಾಸ್ಟರ್ ಸೇರಿ ಐದೂವರೆ ಇಂಚಿನ ಆಸುಪಾಸಿನಲ್ಲಿದ್ದರೆ ಅದು ಸಾಮಾನ್ಯವಾಗಿ ಬರೀ ಅಡ್ಡಗೋಡೆ. ಹತ್ತು ಇಂಚಿನಷ್ಟಿದ್ದರೆ ತಾರಸಿಯ ಭಾರ ಅದರ ಮೇಲೆ ಕೂತಿದೆ ಎಂದೇ ತಿಳಿಯಿರಿ. ಈ ಕಾಲದ ಬಹಳಷ್ಟು ಮನೆಗಳಲ್ಲಿ ಕಂಬಗಳೇ ಇಲ್ಲ, ಗೋಡೆಗಳೇ ಕಂಬ. ಅಂಥ ಗೋಡೆಯಲ್ಲಿ ಬಾಗಿಲಗಲದ ಕಂಡಿ ತೆಗೆಯಬೇಕಾದರೂ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ, ತೊಲೆ ಯಾವ ಅಳತೆಯದು, ಆಸರೆ ಎಲ್ಲಿ ಕೊಡಬೇಕು ಎಂದು ಬರೆದುಕೊಟ್ಟ ಮೇಲೆಯೇ ಸುತ್ತಿಗೆ ಎತ್ತಬೇಕು. ಮೇಸ್ತ್ರಿ "ಏನಾಗಲ್ಲ ಸಾರ್" ಅಂದದ್ದು ಲೆಕ್ಕಕ್ಕಿಲ್ಲ.

ಅದೇ ದಿನ ಕೋಲಿನಿಂದ ಒಳಛಾವಣಿಯನ್ನು ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ. ಬುರುಡೆ ತಟ್ಟಿದಂತೆ ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಬಿಟ್ಟಿರಬಹುದು, ಇಲ್ಲವೇ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ತಳ್ಳುತ್ತಿರಬಹುದು. ಎರಡನೆಯದಾದರೆ ಬಿಟ್ಟಿದ್ದನ್ನೆಲ್ಲ ಉದುರಿಸಿ, ಕಂಬಿಯ ತುಕ್ಕನ್ನು ತಂತಿ ಬ್ರಷ್‌ನಿಂದ ಹೊಳೆಯುವಷ್ಟು ಉಜ್ಜಿ, ತುಕ್ಕುನಿರೋಧಕ ಪ್ರೈಮರ್ ಬಳಿದು, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಬೇಕು. ಕಂಬಿಯ ದಪ್ಪ ಎದ್ದು ಕಾಣುವಷ್ಟು ಕರಗಿದ್ದರೆ ಮತ್ತೆ ಎಂಜಿನಿಯರನ್ನೇ ಕರೆಯಿರಿ. ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚುವವರಿದ್ದಾರೆ. ತುಕ್ಕು ಅದರ ಮೇಲೆ ಆರಾಮಾಗಿ ಬೆಳೆಯುತ್ತದೆ.

ನೀರಿನ ಜಾಡು

ತಾರಸಿಯ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್‌ ಒಳಗೆ ಮುಗಿಸಿ, ಮುಂಗಾರು ಅದನ್ನು ಪರೀಕ್ಷಿಸಲಿ. ಮಳೆನೀರು ಇಳಿಯುವ ಕೊಳವೆಗಳನ್ನು ಮುಚ್ಚಿ, ಒಂದಿಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗೆ ಎಲ್ಲಿ ಒದ್ದೆ ಎಂದು ಗುರುತು ಹಾಕಿಕೊಳ್ಳಿ. ಸೋರಿಕೆ ತಾರಸಿಯ ನಡುವಿನಲ್ಲಿ ಅಪರೂಪ. ಹೆಚ್ಚಾಗಿ ಅದು ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲಿ, ನೀರಿನ ಕೊಳವೆಯ ಸುತ್ತ, ಮತ್ತು ಟ್ಯಾಂಕಿನ ಬುಡದಲ್ಲಿ ಇರುತ್ತದೆ. ಬಿರುಕನ್ನು ವಿ ಆಕಾರದಲ್ಲಿ ಅರ್ಧ ಇಂಚು ಕೊರೆದು ಪಾಲಿಮರ್ ಗಾರೆ ತುಂಬಿ. ಪ್ಯಾರಾಪೆಟ್ ಮೂಲೆಗೆ ಮೂರಿಂಚಿನ ಇಳಿಜಾರು ಗಾರೆ ಕಟ್ಟಿ ನೀರು ಅಲ್ಲಿ ನಿಲ್ಲದಂತೆ ಮಾಡಿ. ಅದು ಒಣಗಿದ ಮೇಲೆ, ಮೂಲೆಗಳಲ್ಲಿ ಫೈಬರ್ ಬಲೆ ಹುದುಗಿಸಿ, ನೀರುನಿರೋಧಕ ಅಕ್ರಿಲಿಕ್ ಲೇಪನವನ್ನು ಎರಡು ಕೋಟ್ ಬಳಿಯಿರಿ: ಮೊದಲನೆಯದು ಪೂರ್ವ–ಪಶ್ಚಿಮ, ಎರಡನೆಯದು ಉತ್ತರ–ದಕ್ಷಿಣ. ನೂರು ಅಡಿ ಓಟಕ್ಕೆ ಕನಿಷ್ಠ ಒಂದಡಿ ಇಳಿಜಾರು ಇಲ್ಲದ ತಾರಸಿಯಲ್ಲಿ ಎಂಥ ದುಬಾರಿ ಲೇಪನಕ್ಕೂ ಉಳಿಗಾಲವಿಲ್ಲ.

ಕೆಳಗೋಡೆಯ ತೇವ ಬೇರೆ ಕಾಯಿಲೆ. ನೆಲದಿಂದ ಮೂರಡಿವರೆಗೆ ಪೇಂಟ್ ಸುಲಿಯುತ್ತಿದ್ದರೆ, ಬಿಳಿ ಉಪ್ಪು ಮೇಲೆದ್ದಿದ್ದರೆ, ಹೊರಗೆ ಹೋಗಿ ಮಣ್ಣಿನ ಮಟ್ಟ ನೋಡಿ. ಎಷ್ಟೋ ಬೀದಿಗಳಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆಯೇ ಮನೆಯ ಪಾಯದ ಮಟ್ಟಕ್ಕೆ ಬಂದಿದೆ. ಗೋಡೆಗೆ ಒರಗಿಸಿ ಹಾಕಿದ ಕೈತೋಟದ ಮಣ್ಣು, ತುಂಬಿ ಹರಿಯುವ ಸಂಪು ಕೂಡ ಕಾರಣವೇ. ಕಾರಣ ತಿಳಿಯದಿದ್ದರೆ ಅಡುಗೆಯ ಅಲ್ಯೂಮಿನಿಯಂ ಹಾಳೆಯನ್ನು ಒಂದೂವರೆ ಅಡಿ ಚೌಕಕ್ಕೆ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಗೋಡೆಯ ಕಡೆ ನೀರಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ, ಕೋಣೆಯ ಕಡೆ ಇದ್ದರೆ ಗಾಳಿಯಾಡದ ದೋಷ.

ಗೋಡೆಯೊಳಗಿನದಾದರೆ ಮೂಲ ಸರಿಪಡಿಸಿ, ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಪ್ಲಾಸ್ಟರ್ ಕಿತ್ತು, ಇಟ್ಟಿಗೆಯನ್ನು ವಾರಗಟ್ಟಲೆ ಒಣಗಲು ಬಿಡಿ. ಉಪ್ಪನ್ನು ಒಣ ಬ್ರಷ್‌ನಿಂದ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಒದ್ದೆ ಗೋಡೆಗೆ ಪುಟ್ಟಿ ಬಳಿಯುವುದು ಮಾತ್ರ ಬೇಡ. ಮೊದಲ ಮಳೆಗಾಲಕ್ಕೇ ಅದು ಚಕ್ಕೆಚಕ್ಕೆಯಾಗಿ ಏಳುತ್ತದೆ.

ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ಹೊರಗೆ ನೋಡಲು ಚೆನ್ನಾಗಿದ್ದರೂ ಒಳಗೆ ತುಕ್ಕು ಕಟ್ಟಿ ಪೆನ್ಸಿಲ್ ತೂರುವಷ್ಟೇ ದಾರಿ ಉಳಿದಿರುತ್ತದೆ. ಬಚ್ಚಲುಮನೆ ಮುಟ್ಟುತ್ತಿದ್ದೀರಿ ಎಂದಾದರೆ ಇಡೀ ಲೈನನ್ನು ಸಿಪಿವಿಸಿ ಪ್ಲಾಸ್ಟಿಕ್ ಪೈಪಿಗೆ ಬದಲಿಸಿ, ಅರ್ಧ ಹಳೇದು ಅರ್ಧ ಹೊಸದು ಬೇಡ. ಟೈಲ್ಸ್ ಮುಚ್ಚುವ ಮೊದಲು ಕೈಪಂಪಿನಿಂದ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗೇಜಿನ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಬಚ್ಚಲ ನೆಲಕ್ಕೆ ನೀರುನಿರೋಧಕ ಲೇಪನ ಬಳಿಯುವಾಗ ಗೋಡೆಯ ಮೇಲೂ ಒಂದಡಿ ಏರಿಸಿ.

ಕರೆಂಟು

ಮರದ ಪಟ್ಟಿಯ ವೈರಿಂಗ್, ಅಲ್ಯೂಮಿನಿಯಂ ತಂತಿ, ಅರ್ತಿಂಗ್ ಇಲ್ಲದ ಎರಡು ತೂತಿನ ಸಾಕೆಟ್: ಈ ಮೂರರಲ್ಲಿ ಯಾವುದಿದ್ದರೂ ಪೂರ್ತಿ ಬದಲಿಸಿ. ಹಳೇ ಅಲ್ಯೂಮಿನಿಯಂಗೆ ಹೊಸ ತಾಮ್ರವನ್ನು ತಿರುಚಿ ಸೇರಿಸಿದ ಗಂಟು ಕಾಲಕ್ರಮೇಣ ಸಡಿಲವಾಗಿ ಬಿಸಿಯೇರುತ್ತದೆ, ಬೆಂಕಿ ಶುರುವಾಗುವುದು ಅಲ್ಲಿಂದ. ದೀಪ, ಫ್ಯಾನಿಗೆ 1.5 ಚದರ ಮಿ.ಮೀ. ತಾಮ್ರ, ಅಡುಗೆಮನೆಯ 16 ಆಂಪಿಯರ್ ಸಾಕೆಟ್, ಗೀಸರ್, ಏಸಿಗೆ 4 ಚದರ ಮಿ.ಮೀ. ಗೀಸರಿಗೂ ಏಸಿಗೂ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಇರಲಿ. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು. ಹಾಕಿದ ಮರುದಿನದಿಂದ ಅದು ಪದೇಪದೇ ಬೀಳತೊಡಗಿದರೆ, ಹಳೇ ವೈರಿಂಗಿನಲ್ಲಿ ಎಲ್ಲೋ ನ್ಯೂಟ್ರಲ್‌ಗೂ ಅರ್ತ್‌ಗೂ ಗಂಟು ಬಿದ್ದಿರಬಹುದು ಎಂದು ಅದು ಹೇಳುತ್ತಿದೆ. ಗಂಟು ಹುಡುಕುವ ಬದಲು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುವ ಎಲೆಕ್ಟ್ರಿಷಿಯನ್‌ಗೆ ಕೈಮುಗಿದು ಬೇರೆಯವರನ್ನು ನೋಡಿ.

ಗೋಡೆ ಕೊರೆಯುವುದು ನೇರ ಮೇಲೆ–ಕೆಳಗೆ ಇರಲಿ, ಓರೆಯಾಗಿ ಬೇಡ. ತೊಲೆ, ಲಿಂಟಲ್ (ಬಾಗಿಲು–ಕಿಟಕಿಯ ಮೇಲಿನ ಅಡ್ಡತೊಲೆ) ಮುಟ್ಟಬೇಡಿ. ಪೈಪು ಮುಚ್ಚುವ ಮೊದಲು ಅಳತೆಯ ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದಿಡಿ. ನಾಳೆ ಮೊಳೆ ಹೊಡೆಯುವವರಿಗೆ ಅದೇ ನಕ್ಷೆ. ಏಸಿ, ಇಂಡಕ್ಷನ್ ಒಲೆ ಹೊಸದಾಗಿ ಸೇರಿಸುತ್ತಿದ್ದರೆ ವಿದ್ಯುತ್ ಕಂಪನಿಯಲ್ಲಿ ಮಂಜೂರಾದ ಲೋಡ್ ಸಾಕೇ ಎಂದು ಬಿಲ್ಲಿನಲ್ಲಿ ನೋಡಿಕೊಳ್ಳಿ.

ನೆಲ: ಕೀಳುವ ಮುಂಚೆ ಎರಡು ಸಲ ಯೋಚಿಸಿ

ಹಳೇ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸುವುದು ಸುಲಭವೆನಿಸುತ್ತದೆ. ಗಾರೆಯ ಮೇಲೆ ಹಾಕಿದರೆ ನೆಲ ಸುಮಾರು ಎರಡಿಂಚು ಏರುತ್ತದೆ. ಆಮೇಲೆ ಬಾಗಿಲು ಕತ್ತರಿಸಬೇಕು, ಹೊಸ್ತಿಲು ಹೂತುಹೋಗುತ್ತದೆ, ಮೆಟ್ಟಿಲಿನ ಕೊನೆಯ ಹೆಜ್ಜೆ ಬೇರೆ ಎತ್ತರವಾಗಿ ದಿನಾ ಯಾರಾದರೊಬ್ಬರು ಎಡವುತ್ತಾರೆ. ಇಷ್ಟರ ಮೇಲೆ, ಇವತ್ತು ಹೊಸದಾಗಿ ಮಾಡಿಸಲು ಒಳ್ಳೇ ಕೈ ಸಿಗುವುದೇ ಕಷ್ಟವಾದ ರೆಡ್ ಆಕ್ಸೈಡ್ ಅಡಿಗೆ ಹೋಗುತ್ತದೆ.

ರೆಡ್ ಆಕ್ಸೈಡಿನ ಬಣ್ಣದ ಪದರ ಕೆಲವೇ ಮಿಲಿಮೀಟರ್ ದಪ್ಪ. ಅದಕ್ಕೆ ಗ್ರೈಂಡಿಂಗ್ ಯಂತ್ರ ಹಾಕಿಸಿದರೆ ಕೆಳಗಿನ ಬೂದು ಸಿಮೆಂಟ್ ತೇಪೆತೇಪೆಯಾಗಿ ಕಾಣತೊಡಗುತ್ತದೆ. ಆಸಿಡ್ ಕೂಡ ಬೇಡ, ಸಿಮೆಂಟನ್ನೇ ತಿನ್ನುತ್ತದೆ. ಹಳೇ ಮೇಣ, ಎಣ್ಣೆಯ ಜಿಡ್ಡನ್ನು ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ತೆಗೆದು, ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ಒರೆಸಿ. ಕೂದಲೆಳೆಯ ಬಿರುಕುಗಳನ್ನು ಹಾಗೇ ಬಿಡಿ, ಅವು ಈ ನೆಲದ ಸ್ವಭಾವ. ಎರಡು ಮಿ.ಮೀ.ಗಿಂತ ಅಗಲದವನ್ನು ಕೊರೆದು, ದೂಳು ತೆಗೆದು, ಒದ್ದೆ ಮಾಡಿ, ಸಿಮೆಂಟ್ ಮತ್ತು ರೆಡ್ ಆಕ್ಸೈಡ್ ಪುಡಿಯ ಗಟ್ಟಿ ಪೇಸ್ಟ್ ತುಂಬಿ. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಪುಡಿಯಿಂದ ಶುರುಮಾಡಿ, ಮೊದಲು ಒಂದು ಹಲಗೆಯ ಮೇಲೆ ಎರಡು ಮೂರು ಮಾದರಿ ಮಾಡಿ ವಾರ ಒಣಗಿಸಿ ನೋಡಿ. ಒದ್ದೆಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ತೆಳುವಾಗುತ್ತದೆ. ತುಂಬಿದ ಜಾಗವನ್ನು ಏಳು ದಿನ ಒದ್ದೆ ಗೋಣಿ ಹೊದಿಸಿ ಹದ ಮಾಡಿ. ಪೂರ್ತಿ ಒಣಗಿದ ಮೇಲೆ ತೆಂಗಿನೆಣ್ಣೆಯನ್ನು ತೆಳ್ಳಗೆ ಸವರಿ, ಒಂದು ರಾತ್ರಿ ಬಿಟ್ಟು, ಹತ್ತಿ ಬಟ್ಟೆಯಿಂದ ಉಜ್ಜಿ ಒರೆಸಿ ತೆಗೆಯಿರಿ.

ಇಷ್ಟಾದರೂ ತೇಪೆ ಸುತ್ತಲಿನ ನೆಲದ ಬಣ್ಣಕ್ಕೆ ಪೂರ್ತಿ ಹೊಂದುವುದಿಲ್ಲ. ದಶಕಗಳ ಕಾಲ ಕಾಲು ಸವೆಸಿದ ಹೊಳಪನ್ನು ಡಬ್ಬಿಯಲ್ಲಿ ಮಾರುವುದಿಲ್ಲ. ದೊಡ್ಡ ಜಾಗ ಹಾಳಾಗಿದ್ದರೆ ಮುಚ್ಚಿಡುವ ಪ್ರಯತ್ನ ಬಿಟ್ಟು ಅಚ್ಚುಕಟ್ಟಾದ ಚೌಕ ಕತ್ತರಿಸಿ, ಅಲ್ಲಿ ತಮಿಳುನಾಡಿನ ಅತ್ತಂಗುಡಿಯಲ್ಲಿ ಕೈಯಿಂದ ಮಾಡಿದ ಟೈಲ್ಸ್ ಅಥವಾ ಕಪ್ಪು ಆಕ್ಸೈಡಿನ ಪಟ್ಟಿ ಕೂರಿಸಿ. ತಪ್ಪಾಗಿ ಕಾಣುತ್ತಿದ್ದದ್ದು ಬೇಕೆಂದೇ ಮಾಡಿದ ಚಿತ್ತಾರವಾಗುತ್ತದೆ.

ಮೊಸಾಯಿಕ್ ಬೇರೆ ಜಾತಿ. ಅದನ್ನು ಧೈರ್ಯವಾಗಿ ಯಂತ್ರಕ್ಕೆ ಕೊಡಬಹುದು. ಗುಳಿಗಳಿಗೆ ಬಣ್ಣ ಬೆರೆಸಿದ ಬಿಳಿ ಸಿಮೆಂಟ್ ತುಂಬಿ ಮೂರು ದಿನ ಬಿಟ್ಟು, 80, 120, 220, 400 ನಂಬರಿನ ಕಲ್ಲುಗಳಿಂದ ಸರದಿಯಲ್ಲಿ ಉಜ್ಜಿಸಿ, ಕೊನೆಗೆ ಆಕ್ಸಾಲಿಕ್ ಪುಡಿಯ ಪಾಲಿಶ್ ಕೊಡಿಸಿ. ಪುಡಿ ವಿಷ, ಕೈಗವಸು ಇರಲಿ, ಮಕ್ಕಳು ದೂರವಿರಲಿ. ನಡುವಿನ ಒಂದು ನಂಬರ್ ಹಾರಿಸಿದರೆ ಓರೆ ಬೆಳಕಿನಲ್ಲಿ ಸುತ್ತುಸುತ್ತಾದ ಗೀರುಗಳು ಕಾಣುತ್ತವೆ, ಕೆಲಸಗಾರರು ಹಾರಿಸುವುದೂ ಅದನ್ನೇ. ಉಜ್ಜುವಾಗ ಬರುವ ಕೆಸರು ಬಚ್ಚಲ ಮೋರಿಗೆ ಹೋಗಬಾರದು, ಅಲ್ಲೇ ಗಟ್ಟಿಯಾಗಿ ಪೈಪು ಕಟ್ಟುತ್ತದೆ. ಬಕೆಟ್ಟಿನಲ್ಲಿ ತುಂಬಿ ಹೊರಗೆ ಸಾಗಿಸಿ. ಗೋಡೆಯ ಬುಡಕ್ಕೂ ಕೆಸರು ಸಿಡಿಯುವುದರಿಂದ ಪೇಂಟಿನ ಕೊನೆಯ ಕೋಟ್ ಈ ಕೆಲಸದ ನಂತರವೇ.

ಮರ, ಗ್ರಿಲ್, ಕಡಪ ಕಲ್ಲು

ಬಾಗಿಲಿನ ಒಂದು ಮೂಲೆಯಲ್ಲಿ ಅಂಗೈಯಗಲ ಪೇಂಟ್ ತೆಗೆದು ಮರ ನೋಡಿ. ತೇಗವೋ ಹೊನ್ನೆಯೋ ಆಗಿದ್ದರೆ ಮಾತ್ರ ಪೂರ್ತಿ ಸುಲಿಯುವ ಶ್ರಮ ಸಾರ್ಥಕ, ಕಾಡುಮರವಾದರೆ ಮತ್ತೆ ಪೇಂಟ್ ಮಾಡಿಬಿಡಿ. ನಮ್ಮಲ್ಲಿ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕಿಂತ ಹಳೇ ಎನಾಮಲ್‌ನಲ್ಲಿ ಸೀಸ ಇರಬಹುದೆಂದೇ ಭಾವಿಸಿ. ಒಣ ಸ್ಯಾಂಡಿಂಗ್ ಬೇಡ, ಬೆಂಕಿಯಿಂದ ಸುಡುವುದಂತೂ ಬೇಡವೇ ಬೇಡ. ಪೇಂಟ್ ರಿಮೂವರ್ ಸವರಿ, ಉಬ್ಬಿದ್ದನ್ನು ಕೆರೆದು ಪತ್ರಿಕೆಯಲ್ಲಿ ಸುತ್ತಿ ತೆಗೆಯಿರಿ. ಮಾಸ್ಕ್ ಇರಲಿ, ಗರ್ಭಿಣಿಯರು, ಮಕ್ಕಳು ಆ ದಿನಗಳಲ್ಲಿ ಮನೆಯಲ್ಲಿರದಿದ್ದರೆ ಒಳ್ಳೆಯದು. ಪೇಂಟ್ ಪೂರ್ತಿ ಹೋದ ಮೇಲೆ 80, 120, 220ರ ಸ್ಯಾಂಡ್‌ಪೇಪರ್, ನಂತರ ಅಗಸೆ ಎಣ್ಣೆಯ ಎರಡು ತೆಳು ಕೋಟ್. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಗ್ರಿಲ್ಲಿಗೆ ತಂತಿ ಬ್ರಷ್, ಲೋಹದ ಪ್ರೈಮರ್, ಎನಾಮಲ್, ಅಷ್ಟೇ. ಆ ಕಾಲದ ಹೂಬಳ್ಳಿ, ಸೂರ್ಯನ ವಿನ್ಯಾಸಗಳಿಗೆ ಮಂಕು ಕಪ್ಪು ಬಣ್ಣ ಬಳಿದರೆ ಎದ್ದು ಕಾಣುತ್ತವೆ.

ಅಡುಗೆಮನೆಯ ಕಟ್ಟೆ ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿರಬೇಕು. ಐದಡಿ ಎರಡಿಂಚಿನವರಿಗೆ ಸುಮಾರು 34 ಇಂಚು. ಕಿತ್ತ ಕಡಪ ಹಲಗೆಗಳನ್ನು ಎಸೆಯದೆ ಕೆಳಗಿನ ಅರೆಗಳಾಗಿ ಬಳಸಿ, ಗೆದ್ದಲು ಅವನ್ನು ಮುಟ್ಟುವುದಿಲ್ಲ. ಪ್ಲೈವುಡ್ ಬೇಕಿದ್ದರೆ ನೀರು ತಾಳುವ ಐಎಸ್ 710 ಗುರುತಿನದ್ದೇ ಇರಲಿ, ಕತ್ತರಿಸಿದ ಅಂಚುಗಳನ್ನೆಲ್ಲ ಮುಚ್ಚಿಸಿ, ನೆಲದಿಂದ ನಾಲ್ಕಿಂಚು ಎತ್ತರದ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಲ್ಲಿಸಿ. ದಿನಾ ನೀರು ಹಾಕಿ ನೆಲ ತೊಳೆಯುವ ಮನೆಗಳಲ್ಲಿ ಬೀರು ಕೊಳೆಯುವುದು ಕೆಳಗಿನಿಂದಲೇ.

ಬಣ್ಣ ಮತ್ತು ದೀಪ

ಈಗ ನಿಮ್ಮ ರುಚಿಯ ಸರದಿ, ಆದರೆ ಅರ್ಧ ತೀರ್ಮಾನವನ್ನು ನೆಲ ಆಗಲೇ ಮಾಡಿದೆ. ಕೆಂಪು ನೆಲಕ್ಕೆ ಕೆನೆಬಿಳಿ, ತಿಳಿ ಸಾಸಿವೆ, ಬೂದುಹಸಿರು ಒಪ್ಪುತ್ತವೆ, ಗುಲಾಬಿ, ನೇರಳೆ ಜಗಳವಾಡುತ್ತವೆ. ಚುಕ್ಕಿಚುಕ್ಕಿಯ ಮೊಸಾಯಿಕ್ ಇದ್ದರೆ ಅದರಲ್ಲೇ ಇರುವ ಒಂದು ಕಲ್ಲಿನ ಬಣ್ಣ ಆರಿಸಿಕೊಳ್ಳಿ. ಎರಡಡಿ ಚೌಕದ ಮಾದರಿಯನ್ನು ಎರಡು ಬೇರೆ ಗೋಡೆಗಳ ಮೇಲೆ ಬಳಿದು ಬೆಳಿಗ್ಗೆಯೂ ರಾತ್ರಿಯೂ ನೋಡಿ. ದೀಪಗಳನ್ನು ಅದಕ್ಕೂ ಮೊದಲೇ ಹಾಕಿಸಿರಿ: 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕಿನಲ್ಲಿ ರೆಡ್ ಆಕ್ಸೈಡ್ ಕಳೆಗುಂದುತ್ತದೆ, 3000ದ ಹಳದಿ ಬೆಳಕಿನಲ್ಲಿ ಜೀವ ಬರುತ್ತದೆ. ಅಡುಗೆಮನೆಗೆ 4000 ಸರಿ.

ಹೊಸ ಪ್ಲಾಸ್ಟರಿಗೆ 28 ದಿನ ಬಿಡಿ. ಹಳೇ ಸುಣ್ಣ, ಡಿಸ್ಟೆಂಪರನ್ನು ಪೂರ್ತಿ ಕೆರೆದು ತೆಗೆಯದೆ ಎಮಲ್ಷನ್ ಬಳಿದರೆ ಹಾಳೆಹಾಳೆಯಾಗಿ ಸುಲಿಯುತ್ತದೆ. ಎರಡು ತೆಳು ಕೋಟ್ ಪುಟ್ಟಿ, ಉಜ್ಜುವಿಕೆ, ಪ್ರೈಮರ್, ಒಂದು ಕೋಟ್ ಎಮಲ್ಷನ್, ಅಲ್ಲಿಗೆ ನಿಲ್ಲಿಸಿ ನೆಲದ ಪಾಲಿಶ್ ಮುಗಿಸಿ, ಆಮೇಲೆ ಕೊನೆಯ ಕೋಟ್. ಹತ್ತಕ್ಕೆ ಹನ್ನೆರಡು ಅಡಿಯ, ಹತ್ತಡಿ ಎತ್ತರದ ಕೋಣೆಯ ನಾಲ್ಕು ಗೋಡೆ ಸೇರಿ 440 ಚದರಡಿ. ಬಾಗಿಲು–ಕಿಟಕಿ ಕಳೆದರೆ 380ರಷ್ಟು. ಎರಡು ಕೋಟ್‌ಗೆ ಸುಮಾರು ಆರು ಲೀಟರ್ ಹಿಡಿಯುತ್ತದೆ. ಒಂದು ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ಮಿಶ್ರಣ ಮಾಡಿಸಿ, ಎರಡನೇ ಸಲದ ಡಬ್ಬಿ ಕೂದಲೆಳೆಯಷ್ಟು ಬೇರೆ ಬಂದೇ ಬರುತ್ತದೆ. ಅರ್ಧ ಲೀಟರ್ ಉಳಿಸಿ ಬಿಗಿಯಾಗಿ ಮುಚ್ಚಿಡಿ, ಶೇಡ್ ನಂಬರನ್ನು ಬೀರುವಿನ ಬಾಗಿಲಿನ ಒಳಮೈಗೆ ಬರೆದಿಡಿ.