ಹಳೆಯ ಪ್ರಾರ್ಥನಾಮಂದಿರದಲ್ಲಿ ಊರಿನ ಗ್ರಂಥಾಲಯ: ಮೊದಲು ಗೋಡೆ ಆರಲಿ

ಪುಸ್ತಕದ ಕಪಾಟು, ವಾರಕ್ಕೊಮ್ಮೆ ಬರುವ ವೈದ್ಯರಿಗೊಂದು ಕೊಠಡಿ, ಚಹಾ ಕಾಯಿಸುವಷ್ಟು ಅಡುಗೆಮೂಲೆ ಎಂದು ಊರವರು ಪಟ್ಟಿ ಕೊಡುತ್ತಾರೆ. ಹಳೆಯ ಕಟ್ಟಡ ದುರಸ್ತಿ ಮಾಡುವ ನಾವು ಮೊದಲು ನೋಡುವುದು ಗೋಡೆಯ ಬುಡ. ಹೊರಗಿನ ಮಣ್ಣು ಒಳನೆಲಕ್ಕಿಂತ ಎತ್ತರವಿದ್ದರೆ ಉಳಿದ ಖರ್ಚೆಲ್ಲ ದಂಡ. ಆ ಮಣ್ಣನ್ನು ಒಳನೆಲದ ಮಟ್ಟದಿಂದ 15–20 ಸೆಂ.ಮೀ. ಕೆಳಗಿಳಿಸಿ, ಸೂರಿನ ನೀರನ್ನು ಪಾಯದಿಂದ ದೂರ ಹರಿಸಿದ ಮೇಲೆಯೇ ಮುಂದಿನ ಕೆಲಸ.

ಆಮೇಲೆ ಸಿಮೆಂಟ್. ಹಿಂದೆ ಯಾರೋ ಭದ್ರವಾಗಲೆಂದು ಮೆತ್ತಿದ ಪ್ಲಾಸ್ಟರ್ ತೇವವನ್ನು ಒಳಗೇ ಕೂಡಿಹಾಕಿರುತ್ತದೆ. ಅದರ ಅಂಚಿನಲ್ಲಿ ನೀರು ಆರಿದಲ್ಲೆಲ್ಲ ಉಪ್ಪು ಹರಳುಗಟ್ಟಿ, ಬೆರಳಾಡಿಸಿದರೆ ಕಲ್ಲಿನ ಮುಖವೇ ಸಕ್ಕರೆಯಂತೆ ಉದುರುತ್ತದೆ. ಕೀಳಲು ಯಂತ್ರ ಬೇಡ, ಉಳಿ–ಸುತ್ತಿಗೆಯೇ ಸರಿ. ಬರಿಗೋಡೆ ಆರುವ ಅಂದಾಜು ಲೆಕ್ಕ ತಿಂಗಳಿಗೆ ಒಂದು ಇಂಚು, 60 ಸೆಂ.ಮೀ. ದಪ್ಪದ ಗೋಡೆ ಎರಡೂ ಕಡೆಯಿಂದ ಆರಿದರೂ ವರ್ಷ ಹಿಡಿಯುತ್ತದೆ. ಈ ವರ್ಷವನ್ನು ಯಾರೂ ಯೋಜನೆಯಲ್ಲಿ ಬರೆಯುವುದಿಲ್ಲ, ಜಗಳ ಹುಟ್ಟುವುದೂ ಇಲ್ಲೇ.

ಹೊಸ ಗಾರೆಗೆ 1 ಪಾಲು ಸುಣ್ಣದ ಮುದ್ದೆ, 3 ಪಾಲು ತೊಳೆದ ಒರಟು ಮರಳು. ಅರಳಿಸಿದ ಸುಣ್ಣವನ್ನು ಕನಿಷ್ಠ 3 ತಿಂಗಳು ನೀರಿನಡಿ ಇಟ್ಟಿರುತ್ತೇವೆ. ಒಂದು ಪದರ 10 ಮಿ.ಮೀ. ದಾಟಬಾರದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಲು ತೇವ ಬೇಕು. ಹಾಗಾಗಿ ನೆನೆಸಿದ ಗೋಣಿತಾಟು ಹೊದಿಸುತ್ತೇವೆ. ಬಿಸಿಲಿಗೆ ಬಿಟ್ಟರೆ ಸೀಮೆಸುಣ್ಣದ ಪುಡಿ ಸಿಗುತ್ತದೆ, ಅಷ್ಟೇ.

ಕಟ್ಟಡಕ್ಕೆ ಸಮಾಜೋಪಯೋಗಿ ಬಳಕೆ ಇರುವುದು ಒಳ್ಳೆಯದು, ಆದರೆ ವಿನ್ಯಾಸ, ಅಲಂಕಾರ ಬದಲಾಗಕೂಡದು ಎಂದು ಸ್ಮಾರಕಗಳ ಸಂರಕ್ಷಣೆ ಕುರಿತ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದು ಹೇಳುತ್ತದೆ. ಹಾಗಾಗಿ ಕೊಠಡಿಗಳೆಲ್ಲ ಮರದ ಪೆಟ್ಟಿಗೆಗಳು: ಸ್ವಂತ ಕಾಲು, ಸ್ವಂತ ಚಾವಣಿ, ಗೋಡೆಗೆ ಒಂದು ಮೊಳೆಯೂ ಇಲ್ಲ. ಹಿಂದೆ ಪೊರಕೆ ಆಡುವಷ್ಟು ಜಾಗ ಬಿಟ್ಟರೆ ಗಾಳಿಯೂ ಆಡುತ್ತದೆ. ಪೂಜಾಸ್ಥಾನ ಮಾತ್ರ ಇದ್ದಂತೆಯೇ. ಪ್ರಾರ್ಥನೆಯ ದಿನ ಗಾಲಿಯ ಮೇಲಿನ ಕಪಾಟುಗಳನ್ನು ಬದಿಗೆ ತಳ್ಳಿದರಾಯಿತು. ವೈರಿಂಗ್ ಕ್ಲಿಪ್ಪುಗಳನ್ನು ಕಲ್ಲಿಗಲ್ಲ, ಗಾರೆಯ ಸಂದಿಗೆ, ಅದೂ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂನಿಂದ ಕೂರಿಸುತ್ತೇವೆ. ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಲ್ಲು ಸೀಳುತ್ತದೆ.

ಚಳಿಗೆಂದು ಊರವರು ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರ್ ತಂದಿಡುವುದುಂಟು. 1 ಕೆಜಿ ಅನಿಲ ಉರಿದರೆ ಸುಮಾರು 1.6 ಕೆಜಿ ನೀರಾವಿ. ಸಂಜೆಗೆ ತಣ್ಣನೆಯ ಗೋಡೆಯ ಮೇಲೆ ಅದೇ ಹನಿ. ಬದಲಿಗೆ ಬೆಂಚಿನಡಿ ವಿದ್ಯುತ್ ಪ್ಯಾನೆಲ್ ಇಡುತ್ತೇವೆ. ಇಡೀ ಸಭಾಂಗಣ ಕಾಯುವುದಿಲ್ಲ, ಕೂತವರ ಕಾಲು ಬೆಚ್ಚಗಿರುತ್ತದೆ.