ಸಾವಿರ ರೂಪಾಯಿ ಒಳಗಿನ ರೆಡ್ ವೈನ್: ಮನೆಯಲ್ಲಿ ನಾನು ಕುಡಿಯುವ ರೀತಿ

ಮೊದಲೇ ಹೇಳಿಬಿಡುತ್ತೇನೆ: ರೆಡ್ ವೈನನ್ನು ಫ್ರಿಜ್ಜಿನಲ್ಲಿಡಿ. ರೆಡ್ ಅಂದರೆ ರೂಮ್ ಟೆಂಪರೇಚರ್‌ನಲ್ಲೇ ಕುಡಿಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಆ ರೂಮು ಯುರೋಪಿನದು, ಮನೆಗೆಲ್ಲಾ ಹೀಟರ್ ಬರುವ ಮುಂಚಿನದು. ಅಲ್ಲಿ ಅದು 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ವಿಜಯನಗರದ ನಮ್ಮ ಮನೆ, ಮೇಲೆ ಬರೀ ತಾರಸಿ, ರಾತ್ರಿ ಎಂಟು ಗಂಟೆಗೂ 28-29ಕ್ಕೆ ಇಳಿದಿರುವುದಿಲ್ಲ. ಅಷ್ಟು ಬಿಸಿಯಲ್ಲಿ ಯಾವ ರೆಡ್ ಸುರಿದರೂ ಮೂಗಿಗೆ ಮೊದಲು ಹೊಡೆಯುವುದು ಆಲ್ಕೋಹಾಲು, ಹಣ್ಣಿನ ವಾಸನೆ ಅದರ ಹಿಂದೆ ಎಲ್ಲೋ ಅಡಗಿ ಕೂತಿರುತ್ತದೆ. ಕಡಿಮೆ ಬೆಲೆಯ ಬಾಟಲಿಗೆ ಇದು ಇನ್ನೂ ಜಾಸ್ತಿ ಅನ್ಯಾಯ, ಯಾಕೆಂದರೆ ಅದರ ಬಂಡವಾಳವೇ ಆ ಹಣ್ಣಿನ ವಾಸನೆ.

ನಾನು ಮಾಡುವುದು ಇಷ್ಟೇ. ಬೇಸಿಗೆಯಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ, ಡಿಸೆಂಬರ್‌ನಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿ. ಬಿಯರ್‌ನಷ್ಟು ತಣ್ಣಗಾಗುವುದು ಬೇಡ. ತೀರಾ ತಣ್ಣಗಾದರೆ ವಾಸನೆ ಮುಚ್ಚಿಕೊಳ್ಳುತ್ತದೆ, ಒಗರು ಎದ್ದು ಕಾಣುತ್ತದೆ. ಹಾಗೇನಾದರೂ ಆದರೆ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂರಿ, ಸರಿಹೋಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಮತ್ತು ನನ್ನ ಅನುಭವದಲ್ಲಿ ಇನ್ನೂರು ಮುನ್ನೂರು ರೂಪಾಯಿ ಜಾಸ್ತಿ ಕೊಟ್ಟು ಬೇರೆ ಬಾಟಲಿ ತಂದರೂ ಇಷ್ಟು ವ್ಯತ್ಯಾಸ ಬರುವುದಿಲ್ಲ.

ಇನ್ನು ತರುವ ವಿಚಾರ. ನನ್ನ ಮಿತಿ ಸಾವಿರ ರೂಪಾಯಿ. ಅಷ್ಟಕ್ಕೆ ನಮ್ಮ ದೇಶದ್ದನ್ನೇ ಕೊಳ್ಳುತ್ತೇನೆ. ಆಮದು ಬಾಟಲಿಯ ಬೆಲೆಯಲ್ಲಿ ಸುಂಕ, ಸಾಗಣೆ ಎಲ್ಲಾ ಸೇರಿರುತ್ತದಲ್ಲ, ಅವೆಲ್ಲ ಕಳೆದು ಒಳಗಿನ ವೈನಿಗೆ ಎಷ್ಟು ಕೊಟ್ಟ ಹಾಗಾಯಿತು ಅಂತ ಲೆಕ್ಕ ಹಾಕಿದರೆ ಬೇಜಾರಾಗುತ್ತದೆ. ನಾಸಿಕ್‌ನ ಸುಲಾ, ಸೊಲ್ಲಾಪುರದ ಅಕ್ಲುಜ್ ಕಡೆಯ ಫ್ರಾಟೆಲ್ಲಿ, ನಮ್ಮ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾ, ಈ ಮೂರರ ಮಾಮೂಲಿ ರೆಡ್‌ಗಳಲ್ಲೇ ನನ್ನ ವರ್ಷ ಕಳೆಯುತ್ತದೆ. ಗ್ರೋವರ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ. 1988ರಲ್ಲಿ, ದೊಡ್ಡಬಳ್ಳಾಪುರದ ಕಡೆ ಫ್ರೆಂಚ್ ದ್ರಾಕ್ಷಿ ಬೆಳೆದು ವೈನ್ ಮಾಡುತ್ತೇನೆ ಅಂತ ಕನ್ವಲ್ ಗ್ರೋವರ್ ಹೊರಟಾಗ ನಕ್ಕವರೇ ಜಾಸ್ತಿ ಇದ್ದಿರಬೇಕು. ಆಮೇಲೆ ಫ್ರಾನ್ಸಿನ ಬೋರ್ಡೊದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಇಲ್ಲಿಗೆ ಸಲಹೆಗಾರನಾಗಿ ಬಂದ. ಗ್ರೋವರ್‌ನವರ ಲಾ ರಿಸರ್ವ್ ಅನ್ನುವ ರೆಡ್ ಓಕ್ ಮರದ ಪೀಪಾಯಿಯಲ್ಲಿ ಇಟ್ಟು ಮಾಡಿದ್ದು. ಅದು ನಮ್ಮಲ್ಲಿ ಹಬ್ಬಕ್ಕೆ ಮಾತ್ರ.

ಅಂಗಡಿಯಲ್ಲಿ ನಾನು ನೋಡುವುದು ಬ್ರ್ಯಾಂಡಿಗಿಂತ ಬಾಟಲಿ ನಿಂತಿರುವ ಜಾಗ. ಎಂಆರ್‌ಪಿ ಅಂಗಡಿಗಳಲ್ಲಿ ವಿಸ್ಕಿ, ರಮ್ಮು ಎದುರಿಗೆ, ವೈನು ಮೂಲೆಯಲ್ಲಿ. ಮಧ್ಯಾಹ್ನದ ಬಿಸಿಲು ನೇರ ಬೀಳುವ ಶೋಕೇಸಿನಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿ ಬೇಯುತ್ತಿರುತ್ತದೆ. ಅದರ ರುಚಿ ಚಪ್ಪಟೆ, ವಾಸನೆ ಕುದಿಸಿದ ಜಾಮಿನದು. ಅದಕ್ಕೆ "ಒಳಗಡೆ ಬಾಕ್ಸಿನಿಂದ ಒಂದು ಕೊಡಿ ಅಣ್ಣ" ಅಂತ ಕೇಳುತ್ತೇನೆ. ಗೊಣಗುತ್ತಾರೆ, ಆದರೆ ಕೊಡುತ್ತಾರೆ. ಜಾಸ್ತಿ ಮಾರಾಟ ಇರುವ ಅಂಗಡಿಯಾದರೆ ಇನ್ನೂ ಒಳ್ಳೆಯದು, ಸ್ಟಾಕ್ ಹಳತಾಗಿರುವುದಿಲ್ಲ. ಲೇಬಲ್ ಮೇಲೆ ದ್ರಾಕ್ಷಿ ಕೊಯ್ದ ವರ್ಷ ಇದ್ದರೆ ಅದನ್ನೂ ನೋಡುತ್ತೇನೆ. ನಮ್ಮ ಕಡೆ ಬಳ್ಳಿಗೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಚಾಟ್ನಿ, ಅಂದರೆ ಕೊಂಬೆ ಸವರುವ ಕೆಲಸ, ಮಾಡಿದರೆ ವೈನ್ ದ್ರಾಕ್ಷಿ ಕೊಯ್ಲಿಗೆ ಬರುವುದು ಫೆಬ್ರವರಿ-ಮಾರ್ಚ್‌ಗೆ, ಅಂದರೆ ಯುರೋಪಿಗಿಂತ ಆರೇಳು ತಿಂಗಳು ಮುಂಚೆ. ಈ ಬೆಲೆಯ ರೆಡ್ ಇಟ್ಟು ಹಳೆಯದು ಮಾಡುವುದಕ್ಕಲ್ಲ. ಎರಡು ಮೂರು ವರ್ಷದೊಳಗೆ ಕುಡಿದು ಮುಗಿಸಬೇಕು. ಮದುವೆಗೆ ಯಾರೋ ಕೊಟ್ಟರು, ಶೋಕೇಸಲ್ಲಿ ಹತ್ತು ವರ್ಷದಿಂದ ಇದೆ, ಈಗ ಬೆಲೆ ಬಂದಿರಬೇಕು ಅಲ್ವಾ ಅಂತ ಕೇಳುವವರು ಸಿಗುತ್ತಾರೆ. ಇಲ್ಲ, ಬಂದಿರುವುದಿಲ್ಲ.

ಇನ್ನೊಂದು ತೊಡಕು ಸಿಹಿಯದ್ದು. ನಮ್ಮಲ್ಲಿ ಸುಮಾರು ಜನ ಮೊದಲು ಕುಡಿದ ವೈನು ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರು ಕೊಟ್ಟಿದ್ದು, ಅಥವಾ ಮಡಿಕೇರಿಯಿಂದ ತಂದ ಹೋಂಮೇಡ್ ವೈನು, ಇಲ್ಲಾ ಗೋವಾದ ಪೋರ್ಟ್. ಎಲ್ಲಾ ಸಿಹಿ. ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿ ಮಾಡುವ ಅಗ್ಗದ ವೈನುಗಳೂ ಹಾಗೇ. ಆ ದ್ರಾಕ್ಷಿಯ ವಾಸನೆ ನನಗೆ ತುಂಬಾ ಇಷ್ಟ, ಚಿಕ್ಕಬಳ್ಳಾಪುರದ ರಸ್ತೆ ಬದಿಯಲ್ಲಿ ಕೇಜಿಗಟ್ಟಲೆ ತಂದು ತಿನ್ನುತ್ತೇನೆ, ಆದರೆ ಅದರ ವೈನು ಮತ್ತು ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್ ಥರದ ದ್ರಾಕ್ಷಿಗಳ ಡ್ರೈ ರೆಡ್, ಅಂದರೆ ಸಿಹಿ ಇಲ್ಲದ ರೆಡ್, ಎರಡೂ ಬೇರೆ ಬೇರೆ. ಸಿಹಿ ನಿರೀಕ್ಷೆ ಇಟ್ಟುಕೊಂಡು ಡ್ರೈ ಕುಡಿದರೆ ಮುಖ ಕಿವಿಚಿಕೊಳ್ಳುವುದು ಸಹಜ. ನಮ್ಮ ಭಾವ ಮೊದಲ ಗುಟುಕಿಗೇ "ಏನಯ್ಯಾ ಇದು, ಜ್ವರದ ಕಷಾಯ ಇದ್ದ ಹಾಗಿದೆ" ಅಂದಿದ್ದರು. ಅವರು ರಮ್ಮಿನ ಮನುಷ್ಯ.

ಅವರಿಗೋಸ್ಕರವೇ ನಾನು ಟೀ ಡಿಕಾಕ್ಷನ್ ಪ್ರಯೋಗ ಶುರು ಮಾಡಿದ್ದು. ಟೀಪುಡಿ ಜಾಸ್ತಿ ಹಾಕಿ ಚೆನ್ನಾಗಿ ಕುದಿಸಿ, ಹಾಲು ಸಕ್ಕರೆ ಇಲ್ಲದೆ ಆರಲು ಬಿಡಿ. ಒಂದು ಗುಟುಕು ಬಾಯಲ್ಲಿ ಹಿಡಿದು ನುಂಗಿ. ವಸಡು, ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ಒಣಗಿ ಬಿಗಿದ ಹಾಗಾಗುತ್ತದೆ. ಅದು ಟ್ಯಾನಿನ್. ರೆಡ್ ವೈನಿಗೆ ಅದು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ. ಕಹಿ ನಾಲಿಗೆಗೆ ತಿಳಿಯುವ ರುಚಿ, ಹುಳಿಗೆ ಬಾಯಲ್ಲಿ ನೀರೂರುತ್ತದೆ, ಟ್ಯಾನಿನ್ ಬಾಯಿ ಒಣಗಿಸುತ್ತದೆ. ಈ ಮೂರನ್ನು ಬೇರೆ ಬೇರೆ ಮಾಡಿ ನೋಡಲು ಬಂದರೆ ವೈನ್ ರುಚಿ ನೋಡುವುದರಲ್ಲಿ ಅರ್ಧ ಕೆಲಸ ಮುಗಿಯಿತು. ಈಗ ಅದೇ ಡಿಕಾಕ್ಷನ್‌ಗೆ ಎರಡು ಚಮಚ ಹಾಲು ಹಾಕಿ ಕುಡಿಯಿರಿ. ಒಗರು ತಟ್ಟನೆ ಇಳಿಯುತ್ತದೆ, ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ. ರೆಡ್ ಜೊತೆ ಚೀಸು, ಮಾಂಸ ಅಂತ ಹೇಳುವುದರ ಹಿಂದೆ ಇರುವುದೂ ಇದೇ. ಭಾವನಿಗೆ ಇದನ್ನು ಮಾಡಿ ತೋರಿಸಿದ ಮೇಲೆ ಅವರು ಗ್ಲಾಸನ್ನು ಮತ್ತೆ ಕೈಗೆತ್ತಿಕೊಂಡರು.

ವಾಸನೆಗೆ ಕಾಳುಮೆಣಸು. ಶಿರಾಜ್‌ನಲ್ಲಿ ಮೆಣಸಿನ ವಾಸನೆ ಇದೆ ಅನ್ನುವುದು ಸುಮ್ನೆ ಬಣ್ಣದ ಮಾತಲ್ಲ. ರೊಟಂಡೋನ್ ಅನ್ನುವ ಒಂದೇ ವಸ್ತು ಎರಡರಲ್ಲೂ ಇದೆ, ಆಸ್ಟ್ರೇಲಿಯಾದವರು 2008ರಲ್ಲಿ ಅದನ್ನು ಪತ್ತೆ ಮಾಡಿದರು. ನಾಲ್ಕು ಕಾಳು ಕುಟ್ಟಾಣಿಯಲ್ಲಿ ಹಾಕಿ ಒಂದೇ ಏಟು, ಪುಡಿಯಾಗಬಾರದು, ಒಡೆಯಬೇಕು ಅಷ್ಟೇ. ಅದನ್ನು ಮೂಸಿ, ಒಂದು ನಿಮಿಷ ಬಿಟ್ಟು ಗ್ಲಾಸನ್ನು ಮೂಸಿ. ಮೊದಲು ದ್ರಾಕ್ಷಿ, ನೇರಳೆ ಹಣ್ಣು ಸಿಗುತ್ತದೆ, ಅದರ ಹಿಂದೆ ತೆಳುವಾಗಿ ಮೆಣಸು. ಬಿಸಿ ಪ್ರದೇಶದ ಶಿರಾಜ್‌ನಲ್ಲಿ ಇದು ಕಡಿಮೆ, ತಂಪಿನ ಕಡೆಯದರಲ್ಲಿ ಜಾಸ್ತಿ, ಹಾಗಾಗಿ ನಮ್ಮ ಬಾಟಲಿಗಳಲ್ಲಿ ಹುಡುಕಬೇಕು. ಇದರಲ್ಲಿ ಒಂದು ತಮಾಷೆ ಇದೆ. ಸುಮಾರು ಐದರಲ್ಲಿ ಒಬ್ಬರಿಗೆ ರೊಟಂಡೋನ್ ವಾಸನೆ ಗೊತ್ತೇ ಆಗುವುದಿಲ್ಲ, ಜಾಸ್ತಿ ಇದ್ದರೂ. ಸಾರಿಗೆ ಇಂಗು ಒಂದು ಚಿಟಿಕೆ ಕಡಿಮೆಯಾದರೂ ಅಡುಗೆಮನೆಯಿಂದಲೇ ಹೇಳುವ ನಮ್ಮಕ್ಕನಿಗೆ ಗ್ಲಾಸಿನಲ್ಲಿ ಮೆಣಸು ಸಿಗಲೇ ಇಲ್ಲ. ಭಾವನಿಗೆ ಸಿಕ್ಕಿತು. ಆ ಸಂಜೆ ಪೂರ್ತಿ ಅವರನ್ನು ಹಿಡಿಯೋಕಾಗಲಿಲ್ಲ.

ಕ್ಯಾಬರ್ನೆಗೆ ದೊಣ್ಣೆ ಮೆಣಸಿನಕಾಯಿ. ಹಸಿಯದನ್ನು ಹೆಚ್ಚಿದಾಗ ಬರುವ ಹಸಿರು ವಾಸನೆ ಕೆಲವು ಕ್ಯಾಬರ್ನೆಗಳಲ್ಲಿ ಇರುತ್ತದೆ, ಅದಕ್ಕೂ ಒಂದೇ ಜಾತಿಯ ವಸ್ತು ಕಾರಣ. ದ್ರಾಕ್ಷಿ ಪೂರ್ತಿ ಮಾಗದಿದ್ದರೆ ಅದು ಜಾಸ್ತಿ. ಸ್ವಲ್ಪ ಇದ್ದರೆ ನನಗೆ ಇಷ್ಟ, ಬರೀ ಅದೇ ಆದರೆ ಬೇಡ.

ಒಂದೇ ಬಾಟಲಿ ಕುಡಿಯುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ಎರಡು ಗ್ಲಾಸು ಪಕ್ಕಪಕ್ಕ ಇರಬೇಕು. ಅದಕ್ಕೆ ನಾವು ಮೂರು ನಾಲ್ಕು ಜನ ದುಡ್ಡು ಹಾಕಿ ಎರಡು ಬಾಟಲಿ ತರುತ್ತೇವೆ, ಒಂದು ಶಿರಾಜ್, ಒಂದು ಕ್ಯಾಬರ್ನೆ, ಅಥವಾ ಒಂದೇ ದ್ರಾಕ್ಷಿ, ಎರಡು ಕಂಪನಿ. ಹಳೇ ಪೇಪರ್ ಸುತ್ತಿ ಮೇಲೆ ಒಂದು, ಎರಡು ಅಂತ ಬರೆಯುವುದು. ಬೆಲೆ ಕಂಡರೆ ನಾಲಿಗೆ ಬೆಲೆಯ ಪರವಾಗಿ ಮಾತಾಡುತ್ತದೆ. ಸುರಿಯುವುದು ತಲಾ ಎರಡು ಗುಟುಕಿನಷ್ಟು. 750 ಎಂಎಲ್ ಬಾಟಲಿಯಲ್ಲಿ ಸರಿಯಾಗಿ ಸುರಿದರೆ ಐದು ಗ್ಲಾಸು, ರುಚಿ ನೋಡುವುದಕ್ಕಾದರೆ ಹತ್ತು ಜನಕ್ಕೂ ಸಾಕು. ವೃತ್ತಿಪರರು ಉಗುಳುತ್ತಾರೆ ಅಂತ ಹೇಳಿ ಒಂದು ಬಟ್ಟಲು ಇಟ್ಟೆ. "ಮನೆಯೊಳಗೆ ಉಗುಳೋದಾ?" ಅಂತ ಅಕ್ಕ ಆ ಬಟ್ಟಲಿಗೆ ಕಡಲೆಬೀಜ ತುಂಬಿಸಿದಳು. ಹಾಗಾಗಿ ನಮ್ಮಲ್ಲಿ ನುಂಗುವುದೇ, ಆದ್ದರಿಂದ ಕಡಿಮೆ ಸುರಿಯುವುದೇ. ಗಾಡಿ ಓಡಿಸಿಕೊಂಡು ಹೋಗುವವರಿಗೆ ಕೊಡುವುದಿಲ್ಲ.

ಗ್ಲಾಸ್ ವಿಚಾರದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದು ಇದ್ದರೆ ಆಯಿತು, ಮೂರನೇ ಒಂದು ಭಾಗಕ್ಕಿಂತ ಮೇಲೆ ತುಂಬಿಸಬೇಡಿ. ಸ್ಟೀಲ್ ಲೋಟದಲ್ಲಿ ಮಾತ್ರ ಬೇಡ. ಬಣ್ಣವೂ ಕಾಣುವುದಿಲ್ಲ, ವಾಸನೆಯೂ ನಿಲ್ಲುವುದಿಲ್ಲ.

ತಿರುಗಿಸುವ ಮುಚ್ಚಳದ ಕೆಲವು ಬಾಟಲಿ ತೆಗೆದ ತಕ್ಷಣ ಸುಟ್ಟ ಬೆಂಕಿಕಡ್ಡಿಯ ವಾಸನೆ ಬರುತ್ತದೆ. ಹೆದರಬೇಡಿ. ಒಂದು ಗಾಜಿನ ಜಗ್ಗಿಗೆ ಎತ್ತರದಿಂದ ಸುರಿದು ಇಪ್ಪತ್ತು ನಿಮಿಷ ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ಒದ್ದೆ ರಟ್ಟಿನ ವಾಸನೆ, ವಿನೆಗರ್ ವಾಸನೆ, ಉಗುರಿನ ಬಣ್ಣದ ವಾಸನೆ ಬಂದರೆ ಮಾತ್ರ ಗಾಳಿಯಿಂದ ಏನೂ ಆಗುವುದಿಲ್ಲ, ಆ ಬಾಟಲಿ ಕೆಟ್ಟಿದೆ.

ಊಟದ ಜೊತೆ ನಮ್ಮ ಮನೆಯಲ್ಲಿ ಹೊಂದಿದ್ದು: ಬೆಣ್ಣೆ ಮುರುಕು ಮತ್ತು ಕ್ಯಾಬರ್ನೆ, ಇದು ನನ್ನ ಹೆಮ್ಮೆಯ ಶೋಧ. ಜಿಡ್ಡು, ಉಪ್ಪು ಎರಡೂ ಸೇರಿ ಒಗರನ್ನು ತಗ್ಗಿಸುತ್ತವೆ. ಶಿರಾಜ್‌ಗೆ ಮಟನ್ ಪೆಪ್ಪರ್ ಫ್ರೈ, ಅಣಬೆ ಪೆಪ್ಪರ್ ಡ್ರೈ, ಎಣ್ಣೆ ತೇಲುವ ಬದನೆಕಾಯಿ ಎಣ್ಣೆಗಾಯಿ. ಹೊಂದದ್ದು: ಬ್ಯಾಡಗಿ ಅಲ್ಲ, ಗುಂಟೂರು ಖಾರದ ಯಾವುದೂ. ಖಾರದ ಉರಿಯನ್ನು ಆಲ್ಕೋಹಾಲು ಹೆಚ್ಚಿಸುತ್ತದೆ, ಟ್ಯಾನಿನ್ ಇನ್ನೂ ಒರಟಾಗುತ್ತದೆ. ಕೋಳಿ ಸಾರು ಖಾರವಾಗಿದ್ದರೆ ಆವತ್ತು ವೈನ್ ತೆಗೆಯುವುದೇ ಇಲ್ಲ. ಹೋಳಿಗೆ, ಜಾಮೂನಿನ ಜೊತೆಯೂ ಬೇಡ, ಸಿಹಿ ತಿಂದ ಬಾಯಿಗೆ ಡ್ರೈ ರೆಡ್ ಬರೀ ಹುಳಿ.

ರೆಡ್ ವೈನ್ ಹೃದಯಕ್ಕೆ ಒಳ್ಳೇದಂತೆ ಅಂತ ಪ್ರತಿ ಸಲ ಒಬ್ಬರಾದರೂ ಹೇಳುತ್ತಾರೆ. ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಾನು ರುಚಿಗೋಸ್ಕರ ಕುಡಿಯುತ್ತೇನೆ, ಒಂದು ಗ್ಲಾಸಿಗೆ ರುಚಿ ತಿಳಿದುಬಿಡುತ್ತದೆ, ಉಳಿದದ್ದು ಮರುದಿನಕ್ಕೆ.

ಆ ಮರುದಿನ ಮುಖ್ಯ. ಬಾಟಲಿ ತೆಗೆದ ತಕ್ಷಣ, ಕುಡಿಯಲು ಕೂರುವ ಮುಂಚೆಯೇ, ಅರ್ಧವನ್ನು 375 ಎಂಎಲ್‌ನ ಚೊಕ್ಕವಾದ ಸಣ್ಣ ಬಾಟಲಿಗೆ ಕತ್ತಿನ ತನಕ ತುಂಬಿ ಮುಚ್ಚಿ ಫ್ರಿಜ್ಜಿಗಿಡುತ್ತೇನೆ. ಗಾಳಿಗೆ ಜಾಗ ಇರದಿದ್ದರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಎರಡನೇ ಸಂಜೆ ಸುಮಾರು ಕ್ಯಾಬರ್ನೆಗಳು ಮೊದಲ ದಿನಕ್ಕಿಂತ ಮೆತ್ತಗಾಗಿರುತ್ತವೆ, ನನಗೆ ಆಗಲೇ ಹೆಚ್ಚು ಇಷ್ಟ. ಅದನ್ನೂ ದಾಟಿ ಉಳಿದರೆ ಕುಡಿಯುವುದಿಲ್ಲ, ಭಾನುವಾರದ ಮಟನ್‌ಗೆ ಹೋಗುತ್ತದೆ. ಈರುಳ್ಳಿ ಕೆಂಪಗಾಗಿ ಮಾಂಸದ ನೀರು ಬತ್ತಿದ ಮೇಲೆ ಅರ್ಧ ಲೋಟ ಹಾಕಿ, ಘಾಟು ಹೋಗುವ ತನಕ ಮುಚ್ಚದೆ ಕುದಿಸಿ, ಆಮೇಲೆ ಮುಚ್ಚಳ. ಟೊಮೇಟೊ ಕಡಿಮೆ ಹಾಕಿ, ವೈನಿನ ಹುಳಿಯೇ ಸಾಕು. ಅಲ್ಯೂಮಿನಿಯಂ ಕುಕ್ಕರ್ ಬೇಡ, ಹುಳಿಗೆ ಆಗಿಬರುವುದಿಲ್ಲ, ಸ್ಟೀಲಿನದರಲ್ಲಿ ಮಾಡಿ.